‘ಯಾರಿಗೂ ಹೇಳಬೇಡಿ ಅಕ್ಕ’ ಅಂದಿದ್ದಾಳೆ. ಮದುವೆಗೆ ಇನ್ನು 19 ದಿನ

ತಂಗಾಳಿ
ಎಲ್ಲರಿಗೂ ನಮಸ್ಕಾರ. ಯಾವ ಊರು, ಯಾವ ಸಂಸ್ಥೆ ಅಂತ ಬರೆಯುವುದಿಲ್ಲ. ಹುಡುಗಿಯ ಗುರುತು ಸಿಗಬಾರದು. ದಯವಿಟ್ಟು ನೀವೂ ಕೇಳಬೇಡಿ.

ನಾನು ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಬಡ ಮನೆಗಳ ಹೆಣ್ಣುಮಕ್ಕಳಿಗೆ ಸಂಜೆ ಪಾಠ ನಡೆಸುತ್ತೇವೆ. 38 ಹುಡುಗಿಯರು ಬರುತ್ತಾರೆ. ಅವರಲ್ಲಿ ಒಬ್ಬಳಿಗೆ 15 ವರ್ಷ. ಹೋದ ಗುರುವಾರ ಎಲ್ಲರೂ ಹೋದ ಮೇಲೂ ಚಾಪೆ ಮಡಿಸುತ್ತಾ ನಿಂತಿದ್ದಳು. ಒಂದೇ ಚಾಪೆಯನ್ನು ಮೂರು ಸಲ ಮಡಿಸಿದಳು. ‘ಯಾರಿಗೂ ಹೇಳಬೇಡಿ ಅಕ್ಕ, ಮಾತು ಕೊಡಿ’ ಅಂದಳು. ಯೋಚನೆ ಮಾಡದೆ ಕೊಟ್ಟುಬಿಟ್ಟೆ. ಆಮೇಲೆ ಹೇಳಿದಳು. ಮದುವೆ ಗೊತ್ತಾಗಿದೆ. ಗಂಡಿಗೆ 26. ಇನ್ನು 19 ದಿನ.

ಅಪ್ಪ ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಸಾಲ ಇದೆ. ಕೆಳಗೆ ಇಬ್ಬರು ತಂಗಿಯರು. ಗಂಡಿನ ಕಡೆಯವರು ಏನೂ ಕೇಳಿಲ್ಲ, ಮದುವೆ ಖರ್ಚೂ ಅವರದೇ. ಅಪ್ಪ ಅಮ್ಮ ಕೆಟ್ಟವರಲ್ಲ. ನನಗೆ ಕಷ್ಟ ಆಗಿರುವುದೇ ಅದು. ಕಳೆದ ವರ್ಷ ಪರೀಕ್ಷೆ ದಿನ ಇದೇ ಅಪ್ಪ ಮಗಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದು, ಶಾಲೆ ಹೊರಗೆ ಮೂರು ಗಂಟೆ ಬಿಸಿಲಲ್ಲಿ ಕಾದಿದ್ದರು.

ಹೆಸರು ಹೇಳದೆ ನಮ್ಮ ಸಂಯೋಜಕರನ್ನು ಕೇಳಿದೆ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಮದುವೆಗೆ ದೂರು ಕೊಟ್ಟಿದ್ದರಂತೆ. ಆಮೇಲೆ ಏಳು ತಿಂಗಳು ಒಂದು ಮನೆಯವರೂ ಮಗಳನ್ನು ಪಾಠಕ್ಕೆ ಕಳಿಸಲಿಲ್ಲ. ಆ ಏಳು ತಿಂಗಳಲ್ಲಿ ಇನ್ನೂ ಮೂವರಿಗೆ ಮದುವೆ ಆಗಿಹೋಯಿತು, ಸಂಸ್ಥೆಗೆ ಗೊತ್ತೇ ಆಗಲಿಲ್ಲ.

ಹೇಳಿದರೆ ಇವಳ ನಂಬಿಕೆ ಮುರಿಯುತ್ತೇನೆ, ಉಳಿದ 37 ಮಕ್ಕಳಿಗೂ ಬಾಗಿಲು ಮುಚ್ಚಬಹುದು. ಹೇಳದಿದ್ದರೆ ಇವಳು ಹೋಗುತ್ತಾಳೆ. ನಾಲ್ಕು ರಾತ್ರಿಯಿಂದ ನಿದ್ದೆ ಇಲ್ಲ. ಅನುಭವ ಇರುವವರು ಹೇಳಿ.

ಬೆಳ್ಳಿಚುಕ್ಕಿ
ಭಾರತದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ಈಗಲೇ ಫೋನ್ ಮಾಡಿ. ಇದರಲ್ಲಿ ಯೋಚಿಸುವುದು ಏನಿದೆ?

ಹಳೆಸೈಕಲ್
ಯೋಚಿಸುವುದು ಇದೆ ತಂಗಿ. ಫೋನ್ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಫೋನ್ ಆದ ಮೇಲೆ ಏನು ಅನ್ನುವುದನ್ನು ಮೊದಲೇ ಯೋಚಿಸಿ.

22 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ನಾನು ತಡೆದ ಮೊದಲ ಮದುವೆ ಇವತ್ತಿಗೂ ಕಣ್ಣ ಮುಂದಿದೆ. ಜೀಪು ಬಂತು. ಅಧಿಕಾರಿಗಳು ಬಂದರು. ಅಪ್ಪನ ಕೈಲಿ ಮುಚ್ಚಳಿಕೆ ಬರೆಸಿಕೊಂಡರು. ಎಲ್ಲರೂ ಹೊರಟುಹೋದರು. ನಾವೂ ಹೊರಟೆವು. ವರದಿಯಲ್ಲಿ ‘ತಡೆದ ಮದುವೆ: 1’ ಅಂತ ಬರೆದೆ. ಹನ್ನೊಂದನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ನೆಂಟರ ಊರಿನಲ್ಲಿ ಅದೇ ಹುಡುಗಿಗೆ ಅದೇ ಗಂಡಿನ ಜೊತೆ ಮದುವೆ ಆಯಿತು. ನನಗೆ ಗೊತ್ತಾದದ್ದು ಮುಂದಿನ ವರ್ಷ, ಅವಳು ಮಗು ಎತ್ತಿಕೊಂಡು ಎದುರು ಬಂದಾಗ. ನನ್ನ ಮುಖ ನೋಡದೆ ದಾಟಿಹೋದಳು.

ವರದಿ ಮಾತ್ರ ಹಾಗೇ ಇದೆ. ಯಾರೂ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ಅದು ನನ್ನ ತಪ್ಪು.

ಬೆಳ್ಳಿಚುಕ್ಕಿ
ಸರ್, ಹಾಗಂತ ಸುಮ್ನೆ ಕೂರಬೇಕಾ?

ಹಳೆಸೈಕಲ್
ಕೂರಬಾರದು. ಆ ಹನ್ನೊಂದು ದಿನವೂ ಬೆನ್ನು ಬಿದ್ದಿರಬೇಕಿತ್ತು ನಾನು. ಅದನ್ನೇ ಹೇಳುತ್ತಿರುವುದು.

ಮಳೆಬಿಲ್ಲು
ತಂಗಾಳಿ ಅಕ್ಕ, ಆ ಮಾತು ಕೊಡಬಾರದಿತ್ತು. ಬೈಯುತ್ತಿಲ್ಲ, ನಾವೆಲ್ಲ ಮಾಡಿರುವ ತಪ್ಪು ಅದು. ಮಗು ಅಳುತ್ತಾ ಕೇಳಿದಾಗ ‘ಆಗಲಿ’ ಅನ್ನದೆ ಇರುವುದು ಬಹಳ ಕಷ್ಟ. ಆದರೆ ನಮಗೆ ಮೊದಲ ವಾರವೇ ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದರು. ‘ನಿನಗೆ ಅಪಾಯ ಇಲ್ಲದ ಯಾವ ಗುಟ್ಟನ್ನಾದರೂ ಇಟ್ಟುಕೊಳ್ಳುತ್ತೇನೆ.’ ಅಷ್ಟೇ.

ಈಗ ಮಾಡಬಹುದಾದದ್ದು ಒಂದಿದೆ. ಮೊದಲು ಅವಳ ಹತ್ತಿರವೇ ಹೋಗಿ. ‘ನಾನು ಕೊಟ್ಟ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ’ ಅಂತ ಅವಳಿಗೇ ಹೇಳಿ. ಬೆನ್ನ ಹಿಂದೆ ಮಾಡಬೇಡಿ. ಯಾರಿಗೆ ಹೇಳಿದರೆ ಅವಳಿಗೆ ಭಯ ಕಡಿಮೆ, ಯಾವ ದಿನ, ಮನೆಯಲ್ಲಿ ಯಾರು ಅವಳ ಪರ, ರಾತ್ರಿ ಏನಾದರೂ ಆದರೆ ಎಲ್ಲಿಗೆ ಓಡುತ್ತಾಳೆ, ಇದನ್ನೆಲ್ಲ ಅವಳಿಂದಲೇ ಕೇಳಿ.

ಅಂಗಳ
ನನ್ನ ಅಭಿಪ್ರಾಯ ಬೇರೆ. ಮೊದಲು ಅಪ್ಪನ ಹತ್ತಿರ ಮಾತಾಡಿ. ಮೂರು ಗಂಟೆ ಬಿಸಿಲಲ್ಲಿ ಕಾದ ಅಪ್ಪ ಅಂತ ನೀವೇ ಬರೆದಿದ್ದೀರಿ. ಆ ಮನುಷ್ಯ ಮಾತು ಕೇಳುತ್ತಾನೆ. ನೇರವಾಗಿ ಪೊಲೀಸರನ್ನು ಕಳಿಸಿದರೆ ಬಡವನ ಮಾನ ಹೋಗುತ್ತದೆ, ಅಷ್ಟೇ ಆಗುವುದು.

ಹಳೆಸೈಕಲ್
ಅಂಗಳ ಅವರೇ, ಇದನ್ನು ನಂಬಿ ನಾನು ಎರಡು ಸಲ ಕೆಟ್ಟಿದ್ದೇನೆ. ಅಪ್ಪ ತಲೆ ಆಡಿಸಿದರು, ಕೈ ಮುಗಿದರು, ‘ಬೇಡ ಸರ್, ಮಾಡಲ್ಲ’ ಅಂದರು. ಮರುದಿನವೇ ಮದುವೆಯ ದಿನ ಇನ್ನೂ ಬೇಗಕ್ಕೆ ಬಂತು, ಜಾಗವೂ ಬದಲಾಯಿತು. ಅಪ್ಪ ಸುಳ್ಳುಗಾರ ಅಂತಲ್ಲ. ಅವರ ಮೇಲೆ ಅಣ್ಣ, ಮಾವ, ಸಾಲ ಕೊಟ್ಟವನು, ಗಂಡಿನ ಕಡೆಯವರು ಎಲ್ಲ ಇರುತ್ತಾರೆ. ತೀರ್ಮಾನ ಅವರೊಬ್ಬರದೇ ಆಗಿರುವುದಿಲ್ಲ. 19 ದಿನ ಇರುವಾಗ ಬೇರೆ ಯಾವ ಏರ್ಪಾಡೂ ಮಾಡಿಕೊಳ್ಳದೆ ಮಾತಿಗೆ ಹೋದರೆ ಎಚ್ಚರಿಕೆ ಕೊಟ್ಟ ಹಾಗೆ ಆಗುತ್ತದೆ.

ಕಾನೂನುಕಣ್ಣು
ನೀವು ಯಾವ ದೇಶ ಅಂತ ಹೇಳಿಲ್ಲ, ಹೇಳುವುದೂ ಬೇಡ. ಭಾರತದ ಲೆಕ್ಕದಲ್ಲಿ ಹೇಳುತ್ತೇನೆ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟ್ ಆ ಮದುವೆ ಮಾಡಕೂಡದು ಅಂತ ನಿಷೇಧಾಜ್ಞೆ ಕೊಡಬಹುದು. ನಿಷೇಧ ಅಧಿಕಾರಿಯೂ ಅರ್ಜಿ ಹಾಕಬಹುದು, ಸೇವಾಸಂಸ್ಥೆಯೂ ಮಾಹಿತಿ ಕೊಡಬಹುದು. ಬರೀ ಮುಚ್ಚಳಿಕೆಗಿಂತ ಇದು ಗಟ್ಟಿ. ಆಜ್ಞೆ ಮೀರಿ ಮದುವೆ ಮಾಡಿದರೆ 14ನೇ ಸೆಕ್ಷನ್ ಪ್ರಕಾರ ಆ ಮದುವೆಗೆ ಮೊದಲಿನಿಂದಲೇ ಬೆಲೆ ಇಲ್ಲ. ನೆಂಟರ ಊರಿಗೆ ಕರೆದುಕೊಂಡು ಹೋದರೂ ಆಜ್ಞೆ ಬೆನ್ನು ಬಿಡುವುದಿಲ್ಲ. ಹಳೆಸೈಕಲ್ ಸರ್ ಹೇಳಿದ ಹನ್ನೊಂದನೇ ದಿನದ ಕತೆಗೆ ಇದೊಂದು ಉತ್ತರ.

ಆಜ್ಞೆ ಇಲ್ಲದೆ ಆದ ಮದುವೆ? ಕೇಂದ್ರ ಕಾಯ್ದೆಯಲ್ಲಿ ಅದು ತಾನಾಗಿ ರದ್ದಾಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಮದುವೆಯಾದವರು ಕೋರ್ಟಿಗೆ ಹೋಗಬೇಕು. ಪ್ರಾಯ ತುಂಬಿ ಎರಡು ವರ್ಷದ ತನಕ ಅವಕಾಶ ಇದೆ. ಆದರೆ ಕರ್ನಾಟಕ ತಿದ್ದುಪಡಿ ಮಾಡಿ ಇಂಥ ಮದುವೆ ಪೂರ್ತಿ ಅಸಿಂಧು ಅಂದಿದೆ.

ಇನ್ನೊಂದು ಮಾತು. ಹೆತ್ತವರಿಗೆ ಶಿಕ್ಷೆ ಹೇಳುವ 11ನೇ ಸೆಕ್ಷನ್‌ನಲ್ಲಿ ಹೆಂಗಸರಿಗೆ ಜೈಲು ಇಲ್ಲ. ಅಮ್ಮನನ್ನು ಹಿಡಿದುಕೊಂಡು ಹೋಗುತ್ತಾರೆ ಅಂತ ಹುಡುಗಿ ಹೆದರಿದ್ದರೆ ಅದನ್ನು ಹೇಳಿ. ಎಷ್ಟೋ ಮಕ್ಕಳು ಬಾಯಿ ಬಿಡದಿರುವುದು ಆ ಒಂದೇ ಭಯಕ್ಕೆ.

ಬೆಳ್ಳಿಚುಕ್ಕಿ
ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲೇ 18ಕ್ಕಿಂತ ಮೊದಲು ಮದುವೆ ಕೂಡದು ಅಂತ ಇದೆ. ಇನ್ನೇನು ಬೇಕು?

ಕಾನೂನುಕಣ್ಣು
ಇಲ್ಲ ಮೇಡಂ. 1989ರ ಆ ಒಡಂಬಡಿಕೆಯಲ್ಲಿ ಮದುವೆ ವಯಸ್ಸಿನ ಮಾತೇ ಇಲ್ಲ. ಮಗುವಿನ ಹಿತ ಮುಖ್ಯ, ಮಗುವಿನ ಮಾತು ಕೇಳಬೇಕು ಅಂತ ಇದೆ. ಮಕ್ಕಳ ಮದುವೆಗೆ ಕಾನೂನಿನ ಬೆಲೆ ಇರಬಾರದು ಅಂದದ್ದು 1979ರ ಮಹಿಳಾ ತಾರತಮ್ಯ ನಿವಾರಣೆಯ ಒಡಂಬಡಿಕೆ. 18 ಅಂತ ನೇರವಾಗಿ ಬರೆದದ್ದು 1990ರ ಆಫ್ರಿಕಾದ ಮಕ್ಕಳ ಸನ್ನದು.

ಬೆಳ್ಳಿಚುಕ್ಕಿ
ಸರಿ, ತಿದ್ದಿಕೊಂಡೆ. ಆದರೂ ನನ್ನ ಮಾತು ಅದೇ.

ನೀಲಿಶಾಯಿ
ಎಲ್ಲರೂ ಮದುವೆಯ ದಿನದ ಬಗ್ಗೆ ಮಾತಾಡುತ್ತಿದ್ದೀರಿ. ಆ ಮನೆಯ ಲೆಕ್ಕದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಸೊಂಟ ಮುರಿದ ಅಪ್ಪ, ಸಾಲ, ಮೂವರು ಹೆಣ್ಣುಮಕ್ಕಳು. ಖರ್ಚಿಲ್ಲದೆ ಮದುವೆ ಆಗುತ್ತದೆ ಅಂದರೆ ಆ ಅಪ್ಪನಿಗೆ ಅದು ಉಸಿರು ಬಿಟ್ಟ ಹಾಗೆ. ವರದಕ್ಷಿಣೆ ಇರುವ ಕಡೆ ಹುಡುಗಿಯ ವಯಸ್ಸು ಏರಿದಂತೆ ಕೇಳುವುದೂ ಏರುತ್ತದೆ. ಆಫ್ರಿಕಾದ ಹಲವು ಕಡೆ ಗಂಡಿನ ಕಡೆಯವರೇ ಹೆಣ್ಣಿಗೆ ಕೊಡಬೇಕು. ಅಲ್ಲಿ ಬರ ಬಂದಾಗ ಬೇಗ ಮದುವೆ ಮಾಡಿದರೆ ಮನೆಗೆ ಆಸರೆ. ದುಡ್ಡು ಹರಿಯುವ ದಿಕ್ಕು ಬೇರೆ, ಎರಡೂ ಕಡೆ ಹೋಗುವುದು ಮಗು.

ಹಾಗಾಗಿ ‘ಮದುವೆ ನಿಲ್ಲಿಸಿ’ ಅಂತ ಹೇಳುವ ಮುಂಚೆ ಸಂಸ್ಥೆ ಆ ಮನೆಗೆ ಏನು ಕೊಡುತ್ತದೆ ಅಂತ ಕೇಳಿಕೊಳ್ಳಬೇಕು.

ಬೆಳ್ಳಿಚುಕ್ಕಿ
ದುಡ್ಡು ಕೊಟ್ಟು ಮದುವೆ ನಿಲ್ಲಿಸುವುದಾ? ನಾಳೆ ಪಕ್ಕದ ಮನೆಯವರೂ ‘ನಮ್ಮ ಮಗಳಿಗೂ ಗಂಡು ನೋಡಿದ್ದೇವೆ’ ಅಂತ ಬರುತ್ತಾರೆ.

ನೀಲಿಶಾಯಿ
ನಿಮ್ಮ ಭಯ ನನಗೆ ಅರ್ಥ ಆಗುತ್ತದೆ. ಆದರೆ ಮಾಡಿ ನೋಡಿದವರಿದ್ದಾರೆ. ಬಾಂಗ್ಲಾದೇಶದ ದಕ್ಷಿಣ ಭಾಗದಲ್ಲಿ 15ರಿಂದ 17 ವರ್ಷದ ಹುಡುಗಿಯರ ಮನೆಗೆ, ಮದುವೆ ಮಾಡದೆ ಇದ್ದರೆ ನಾಲ್ಕು ತಿಂಗಳಿಗೊಮ್ಮೆ ಅಡುಗೆ ಎಣ್ಣೆ ಕೊಟ್ಟರು. ಅಷ್ಟೇ, ಎಣ್ಣೆ. 18ರ ಒಳಗಿನ ಮದುವೆ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಅದೇ ಅಧ್ಯಯನದಲ್ಲಿ ಬೇರೆ ಹಳ್ಳಿಗಳಲ್ಲಿ ಹುಡುಗಿಯರಿಗೆ ಜೀವನಕೌಶಲ್ಯ, ಹಕ್ಕುಗಳ ಪಾಠ ಮಾಡಿದರು. ಅದರಿಂದ ಮದುವೆ ವಯಸ್ಸು ಬದಲಾಗಲಿಲ್ಲ. ಪಾಠ ಮಾಡುವವಳಾಗಿ ಇದನ್ನು ಓದಿ ನನಗೆ ನೋವಾಯಿತು. ಆದರೆ ನಿಜ ನಿಜವೇ.

ಎಲ್ಲ ಕಡೆ ಹೀಗೇ ಆಗುತ್ತದೆ ಅಂತಲೂ ಇಲ್ಲ. ಹರಿಯಾಣದಲ್ಲಿ 1994ರಲ್ಲಿ ಹೆಣ್ಣು ಹುಟ್ಟಿದಾಗ ಬಾಂಡ್ ಕೊಡುವ ಯೋಜನೆ ಬಂತು. 18 ತುಂಬಿದಾಗ ಮದುವೆ ಆಗಿರದಿದ್ದರೆ 25,000 ರೂಪಾಯಿ. ಓದು ಸ್ವಲ್ಪ ಮುಂದುವರಿಯಿತು. ಆದರೆ 18ರ ಒಳಗಿನ ಮದುವೆ ಅದರಿಂದ ಕಡಿಮೆಯಾದದ್ದು ಕಾಣಲಿಲ್ಲ. 18 ತುಂಬಿದ ಕೂಡಲೇ ಮದುವೆ ಮಾಡಿದವರು ಜಾಸ್ತಿ. ಹಣವನ್ನು ಮದುವೆಗೆ ಕೂಡಿಸಿದ ಗಂಟು ಅಂತಲೇ ಎಷ್ಟೋ ಮನೆಗಳು ನೋಡಿದವು.

ಅಂಗಳ
ಮಲಾವಿಯಲ್ಲೂ ಹಣ ಕೊಟ್ಟಿದ್ದರಲ್ಲ?

ನೀಲಿಶಾಯಿ
ಹೌದು, ಜೋಂಬಾ ಜಿಲ್ಲೆಯಲ್ಲಿ, 2008-09ರಲ್ಲಿ. ಒಂದು ಗುಂಪಿಗೆ ಶಾಲೆಗೆ ಹೋದರೆ ಮಾತ್ರ ಹಣ. ಇನ್ನೊಂದು ಗುಂಪಿಗೆ ಯಾವ ಷರತ್ತೂ ಇಲ್ಲ. ಶಾಲೆಯ ವಿಷಯದಲ್ಲಿ ಷರತ್ತಿನ ಗುಂಪು ಮುಂದೆ. ಮದುವೆ, ಗರ್ಭ ಕಡಿಮೆಯಾದದ್ದು ಷರತ್ತಿಲ್ಲದ ಗುಂಪಿನಲ್ಲಿ. ಯಾಕೆಂದರೆ ಶಾಲೆ ಬಿಟ್ಟ ಹುಡುಗಿಗೂ ಹಣ ಸಿಗುತ್ತಿತ್ತು, ಅವಳಿಗೇ ಮದುವೆಯ ಅಪಾಯ ಜಾಸ್ತಿ ಇದ್ದದ್ದು.

ಎರಡು ವರ್ಷಕ್ಕೆ ಹಣ ನಿಂತಿತು. ಆಮೇಲೆ ಆ ಗುಂಪಿನಲ್ಲಿ ಮದುವೆಗಳು ಬೇಗ ಬೇಗ ಆಗಿ ಉಳಿದವರ ಮಟ್ಟಕ್ಕೆ ಬಂದವು. ನಮ್ಮ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಯೋಜನೆಯ ಅವಧಿ ಎರಡು ವರ್ಷ ಅಥವಾ ಮೂರು. ಹುಡುಗಿಗೆ 13 ಇದ್ದರೆ 18 ತುಂಬಲು ಐದು ವರ್ಷ ಬೇಕು. ನಡುವೆ ಕೈ ಬಿಡುತ್ತೇವೆ ಅಂತ ಗೊತ್ತಿದ್ದೂ ಅವಳ ಕೈ ಹಿಡಿಯಬಹುದಾ?

ಮಳೆಬಿಲ್ಲು
ಹಿಡಿಯಬಹುದು ಅಂತಲೇ ನನಗೆ ಅನ್ನಿಸುತ್ತದೆ. ಎರಡು ವರ್ಷ ತಡವಾದರೂ ಅವಳ ದೇಹ ಎರಡು ವರ್ಷ ಬೆಳೆದಿರುತ್ತದೆ. 15ರಿಂದ 19 ವರ್ಷದ ಹುಡುಗಿಯರ ಸಾವಿಗೆ ಬಸಿರು, ಹೆರಿಗೆಯ ತೊಂದರೆಗಳು ಮುಖ್ಯ ಕಾರಣಗಳಲ್ಲಿ ಒಂದು. ಎರಡು ವರ್ಷ ಅಂದರೆ ಕೆಲವರಿಗೆ ಜೀವ.

ಹದಿನಾರು
ಇಷ್ಟು ಹೊತ್ತು ಓದುತ್ತಿದ್ದೆ. ಬರೆಯಬೇಕೋ ಬೇಡವೋ ಗೊತ್ತಾಗಲಿಲ್ಲ. ನನಗೆ 16ಕ್ಕೆ ಮದುವೆ ಆಯಿತು. ಈಗ 34.

ನಮ್ಮೂರಿಗೂ ಒಬ್ಬರು ಮೇಡಂ ಬರುತ್ತಿದ್ದರು. ‘ನಿನಗೆ ಒಪ್ಪಿಗೆನಾ?’ ಅಂತ ಅಪ್ಪನ ಮುಂದೆಯೇ ಕೇಳಿದರು. ಹೂಂ ಅಂದೆ. ಅವರು ಬರೆದುಕೊಂಡು ಹೋದರು. ಮನೆಯಲ್ಲಿ ದಿನಾ ಹೊಡೆತ ಇತ್ತು. ಆ ಮನೆ ಬಿಟ್ಟು ಹೋಗಲು ನನಗೆ ಗೊತ್ತಿದ್ದ ಬಾಗಿಲು ಅದೊಂದೇ. ಅಲ್ಲಿ ಏನು ಕಾದಿದೆ ಅಂತ 16 ವರ್ಷದವಳಿಗೆ ಹೇಗೆ ಗೊತ್ತಿರುತ್ತದೆ?

ಮದುವೆ ಆದ ಮೇಲೆ ಆ ಮೇಡಂ ಎದುರು ಸಿಕ್ಕರೂ ಮಾತಾಡಿಸಲಿಲ್ಲ. ಅವರ ಪಾಠಕ್ಕೆ ಮದುವೆಯಾದವರು ಬರುವ ಹಾಗಿಲ್ಲ ಅಂತ ನಿಯಮ ಇತ್ತು. ನನಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಆಗಲೇ. ಬಸಿರಿಯಾಗಿದ್ದೆ, ಓದು ನಿಂತಿತ್ತು, ಮಾತಾಡಲು ಯಾರೂ ಇರಲಿಲ್ಲ.

ತಂಗಾಳಿ ಅಕ್ಕ, ಆ ಹುಡುಗಿಯನ್ನು ಒಬ್ಬಳೇ ಕೂರಿಸಿಕೊಂಡು ಕೇಳಿ. ಹೇಗಾದರೂ ಮದುವೆ ಆಗಿಹೋದರೆ, ಮಾರನೇ ದಿನವೂ ಅವಳ ಹತ್ತಿರ ಹೋಗಿ. ದಯವಿಟ್ಟು.

ಹಳೆಸೈಕಲ್
ತಾಯಿ, ನೀವು ಬರೆದದ್ದು ಒಳ್ಳೆಯದಾಯಿತು.

ಬಿಳಿಕೋಟು
ನಾನು ನರ್ಸ್. ನಾಲ್ಕು ವರ್ಷ ಹೊರದೇಶದ ನಿರಾಶ್ರಿತರ ಶಿಬಿರದಲ್ಲಿದ್ದೆ. ಹದಿನಾರು ಅವರ ಮಾತು ನೂರಕ್ಕೆ ನೂರು ನಿಜ. ಯುನಿಸೆಫ್ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1.2 ಕೋಟಿ ಹುಡುಗಿಯರಿಗೆ 18ರ ಒಳಗೆ ಮದುವೆ ಆಗುತ್ತದೆ. ಇವತ್ತು ಬದುಕಿರುವವರಲ್ಲಿ 64 ಕೋಟಿ ಹೆಂಗಸರು, ಹುಡುಗಿಯರು ಹಾಗೆ ಮದುವೆಯಾದವರು. ನಮ್ಮ ಯೋಜನೆಗಳೆಲ್ಲ ಆಗಬೇಕಾದ ಮದುವೆಯ ಸುತ್ತ. ಆಗಿಹೋದವರಿಗೆ ಎಷ್ಟಿವೆ?

ಶಿಬಿರದಲ್ಲಿ ಅಪ್ಪ ಅಮ್ಮಂದಿರು ಹೇಳುತ್ತಿದ್ದ ಕಾರಣ ಇನ್ನೊಂದು. ‘ಇಲ್ಲಿ ಡೇರೆಗೆ ಬಾಗಿಲಿಲ್ಲ. ಗಂಡ ಇದ್ದರೆ ಯಾರೂ ಮುಟ್ಟುವುದಿಲ್ಲ.’ ಅವರಿಗೆ ಕಾನೂನು ಹೇಳಿ ಏನು ಪ್ರಯೋಜನ? ಶೌಚಾಲಯದ ದಾರಿಗೆ ದೀಪ ಹಾಕಿಸಿ, ಹುಡುಗಿಯರ ಡೇರೆಗಳನ್ನು ನಡುವಿಗೆ ತಂದೆವು. ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡಿತು.

ಈಗ ಭಾರತದಲ್ಲಿದ್ದೇನೆ. ಇಲ್ಲಿಯ ಸಂಕಟ ಬೇರೆ. 16ರ ಬಸಿರಿ ಬಂದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸುತ್ತೇವೆ ಅಂತ ಗೊತ್ತಾಗಿ ಅವರು ಬರುವುದನ್ನೇ ಬಿಡುತ್ತಾರೆ. ಮನೆಯಲ್ಲೇ ಹೆರುತ್ತಾರೆ.

ಕಾನೂನುಕಣ್ಣು
ಸಿಸ್ಟರ್, ಒಂದು ಸಣ್ಣ ತಿದ್ದುಪಡಿ. 2022ರ ಸೆಪ್ಟೆಂಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ತೆರೆದಿದೆ. ಗರ್ಭಪಾತಕ್ಕೆ ಬಂದ ಅಪ್ರಾಪ್ತ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಹಾಕಬೇಕಾಗಿಲ್ಲ.

ಬಿಳಿಕೋಟು
ಅದು ಗರ್ಭಪಾತಕ್ಕೆ. ನಾನು ಹೇಳುತ್ತಿರುವುದು ಹೆರಿಗೆಗೆ ಬರುವವರ ಬಗ್ಗೆ.

ಕಾನೂನುಕಣ್ಣು
ಹೌದು, ಅಲ್ಲಿ ನಿಮ್ಮ ಸಂಕಟ ಹಾಗೇ ಇದೆ. ಒಪ್ಪಿದೆ. 2017ರಲ್ಲಿ ಸುಪ್ರೀಂ ಕೋರ್ಟ್ 18ರೊಳಗಿನ ಹೆಂಡತಿಯ ಜೊತೆಗಿನ ಸಂಬಂಧವೂ ಅತ್ಯಾಚಾರವೇ ಅಂದ ಮೇಲೆ ಗಂಡನ ವಿನಾಯಿತಿ ಹೋಯಿತು. ಅದು ಸರಿಯಾದ ತೀರ್ಪು. ಅದರ ಜೊತೆಗೆ ಹುಡುಗಿ ಆಸ್ಪತ್ರೆಗೆ ಧೈರ್ಯವಾಗಿ ಬರುವ ದಾರಿಯನ್ನೂ ಮಾಡಬೇಕಿತ್ತು.

ಅಂಗಳ
ಅಸ್ಸಾಂ ನೆನಪಿದೆಯಾ? 2023ರ ಫೆಬ್ರವರಿಯಲ್ಲಿ ಕೆಲವೇ ದಿನಗಳಲ್ಲಿ 3,000ಕ್ಕೂ ಹೆಚ್ಚು ಜನರ ಬಂಧನ. ಎಷ್ಟೋ ಹಳೆಯ ಮದುವೆಗಳು. ಗಂಡ ಜೈಲಿಗೆ, ಹೆಂಡತಿ ಮಗು ಎತ್ತಿಕೊಂಡು ಠಾಣೆ ಮುಂದೆ. ಅವಳನ್ನು ಕಾಪಾಡಲು ಬಂದ ಕಾನೂನಿನಿಂದ ಅವಳ ಒಲೆ ಆರಿತು. ಅದಕ್ಕೇ ನಾನು ಪೊಲೀಸ್ ಕೊನೆಗೆ ಅನ್ನುವುದು.

ಬೆಳ್ಳಿಚುಕ್ಕಿ
ಆ ಭಯದಿಂದ ನಿಂತ ಮದುವೆಗಳು ಲೆಕ್ಕಕ್ಕಿಲ್ವಾ ಸರ್? ಒಂದು ಸಲ ಬಿಸಿ ಮುಟ್ಟಿದರೆ ಹತ್ತು ಮನೆ ಎಚ್ಚರ ಆಗುತ್ತವೆ.

ಅಂಗಳ
ಎಚ್ಚರ ಆಗುತ್ತವೆ. ಮುಚ್ಚಿಡುವುದರಲ್ಲೂ ಎಚ್ಚರ ಆಗುತ್ತವೆ.

ಕಾನೂನುಕಣ್ಣು
ಇಬ್ಬರಲ್ಲೂ ಸತ್ಯ ಇದೆ. 2024ರ ಅಕ್ಟೋಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮೊದಲು ತಡೆಯಿರಿ, ಆಮೇಲೆ ಶಿಕ್ಷೆ, ಅಧಿಕಾರಿಗಳು ಕೇಸು ಹಾಕುವುದರಲ್ಲೇ ಮುಳುಗಬೇಡಿ ಎಂಬ ಅರ್ಥದಲ್ಲಿ ಹೇಳಿದೆ. ನಾನು ವಕೀಲಿಕೆಯಲ್ಲಿ ಕಂಡದ್ದೂ ಅದೇ. ಕೇಸು ಆದ ಮೇಲೆ ಸಾಕ್ಷಿ ಹೇಳಬೇಕಾದವಳು ಆ ಹುಡುಗಿ. ತನ್ನ ಅಪ್ಪನ ವಿರುದ್ಧ.

ಮರದನೆರಳು
ನಮ್ಮ ಅಜ್ಜಿಗೆ 13ಕ್ಕೆ ಮದುವೆ. ಎಂಟು ಮಕ್ಕಳು, 90 ವರ್ಷ ಬದುಕಿದರು. ಹೊರಗಿನವರು ಬಂದು ನಮ್ಮ ಹಿರಿಯರೆಲ್ಲ ತಪ್ಪು ಅಂದರೆ ಜನ ಯಾಕೆ ಕೇಳುತ್ತಾರೆ?

ಬಿಳಿಕೋಟು
ನಿಮ್ಮ ಅಜ್ಜಿಗೆ ನಮಸ್ಕಾರ. ಆದರೆ ಬದುಕಿ ಉಳಿದ ಅಜ್ಜಿಯರ ಕತೆ ಮಾತ್ರ ನಮ್ಮ ತನಕ ಬಂದಿದೆ. ಮೊದಲ ಹೆರಿಗೆಯಲ್ಲೇ ಹೋದವರು ಯಾರ ಅಜ್ಜಿಯೂ ಆಗಲಿಲ್ಲ.

ಮರದನೆರಳು
ಅದನ್ನು ಯೋಚಿಸಿರಲಿಲ್ಲ. ಅಜ್ಜಿಯ ಅಕ್ಕ ಒಬ್ಬರು ಹಾಗೇ ಹೋದರು ಅಂತ ಕೇಳಿದ್ದೇನೆ. ಆದರೂ ಹೊರಗಿನವರ ಮಾತಿಗೆ ತೂಕ ಇಲ್ಲ ಅನ್ನುವುದು ನಿಜ ಅಲ್ವಾ?

ಮಳೆಬಿಲ್ಲು
ಅದು ನಿಜ. ಮಲಾವಿಯ ಡೆಡ್ಜಾ ಜಿಲ್ಲೆಯಲ್ಲಿ ತೆರೇಸಾ ಕಚಿಂಡಮೋಟೊ ಅಂತ ಒಬ್ಬ ಸಾಂಪ್ರದಾಯಿಕ ಮುಖ್ಯಸ್ಥೆ ಇದ್ದರು. ಕೆಲವೇ ವರ್ಷಗಳಲ್ಲಿ 850ಕ್ಕೂ ಹೆಚ್ಚು ಮಕ್ಕಳ ಮದುವೆಗಳನ್ನು ಮುರಿಸಿ ಆ ಮಕ್ಕಳನ್ನು ಶಾಲೆಗೆ ಕಳಿಸಿದರು. ಒಪ್ಪದ ಹಳ್ಳಿ ಮುಖಂಡರನ್ನು ಕೆಲಸದಿಂದಲೇ ಇಳಿಸಿದರು. ಅವರು ಅಲ್ಲಿಯವರು. ಯಾವ ಸಂಸ್ಥೆಗೂ ಅಂಥ ಮಾತಿನ ಬಲ ಇರಲಿಲ್ಲ.

ಹೊರಗಿನವರು ಅಂತ ಬಡ ದೇಶಗಳಿಗೆ ಮಾತ್ರ ಬೆರಳು ತೋರಿಸುವುದೂ ಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪ್ಪ ಅಮ್ಮ ಒಪ್ಪಿದರೆ 16ಕ್ಕೆ ಮದುವೆ ಆಗಬಹುದಿತ್ತು. ಅದು ನಿಂತದ್ದು 2023ರ ಫೆಬ್ರವರಿಯಲ್ಲಿ. ಅಮೆರಿಕದಲ್ಲಿ ವಿನಾಯಿತಿ ಇಲ್ಲದೆ 18 ಅಂತ ಮಾಡಿದ ಮೊದಲ ರಾಜ್ಯ ಡೆಲಾವೇರ್, 2018ರಲ್ಲಿ. ಬಾಂಗ್ಲಾದೇಶದ 2017ರ ಕಾಯ್ದೆಯಲ್ಲಿ ‘ವಿಶೇಷ ಸಂದರ್ಭ’ ಅಂತ ಒಂದು ಕಿಂಡಿ ಇದೆ.

ಮರದನೆರಳು
ಹಳೆಯ ಕಾಲದಲ್ಲೂ ಬೇಡ ಅಂದವರು ಇದ್ದರು ಬಿಡಿ. ರುಖ್ಮಾಬಾಯಿ ನೆನಪಾಗುತ್ತಾರೆ. 11ಕ್ಕೆ ಮದುವೆ. ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲ್ಲ ಅಂದರು. ಹೋಗದಿದ್ದರೆ ಆರು ತಿಂಗಳು ಜೈಲು ಅಂತ 1887ರಲ್ಲಿ ಕೋರ್ಟು ಹೇಳಿದರೆ, ಜೈಲಿಗೇ ಹೋಗುತ್ತೇನೆ ಅಂದರು. ಆಮೇಲೆ ಡಾಕ್ಟರ್ ಆದರು. ಮದುವೆಗೆ ಕನಿಷ್ಠ ವಯಸ್ಸು ಇಟ್ಟ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಆಗ ಹುಡುಗಿಗೆ 14. ಅದು 18 ಆಗಲು 1978ರ ತನಕ...

ಬೆಳ್ಳಿಚುಕ್ಕಿ
ಸರ್, ವಿಷಯ ಚೆನ್ನಾಗಿದೆ. ಆದರೆ ತಂಗಾಳಿ ಅಕ್ಕನಿಗೆ 19 ದಿನದಲ್ಲಿ ಮೂರು ದಿನ ಹೋಯಿತು.

ಕಲ್ಲುದಾರಿ
ಒಂದು ಮಾತು ಯಾರೂ ಎತ್ತಿಲ್ಲ. ತಂಗಾಳಿ, ನೀವು ಅದೇ ಬಡಾವಣೆಯಲ್ಲಿ ವಾಸ ಇದ್ದೀರಾ?

ಕೇಳುವುದಕ್ಕೆ ಕಾರಣ ಇದೆ. ಭಂವರಿ ದೇವಿಯವರನ್ನು ಮರೆಯಬಾರದು. ರಾಜಸ್ಥಾನದ ಭಟೇರಿ ಹಳ್ಳಿಯವರು. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’, ಅಂದರೆ ಹಳ್ಳಿಯ ಕಾರ್ಯಕರ್ತೆ ಆಗಿದ್ದರು. 1992ರಲ್ಲಿ ಒಂದು ವರ್ಷವೂ ತುಂಬದ ಮಗುವಿನ ಮದುವೆ ತಡೆಯಲು ಹೋದರು. ಪೊಲೀಸರು ಬಂದು ಹೋದರು, ಮದುವೆ ಮಾರನೇ ದಿನ ನಡೆದೇ ಹೋಯಿತು. ಆಮೇಲೆ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಆ ಹೋರಾಟದಿಂದ 1997ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ವಿಶಾಖಾ ಮಾರ್ಗಸೂಚಿ ಬಂತು. ದೇಶದ ಎಲ್ಲ ಕಚೇರಿಗಳ ಹೆಂಗಸರಿಗೂ ಅದರಿಂದ ರಕ್ಷಣೆ ಸಿಕ್ಕಿತು.

ದೂರು ಕೊಡಿ ಅಂತ ಹೇಳುವವರು ದೂರದ ಊರಿನ ಆಫೀಸಿನಲ್ಲಿ ಇರುತ್ತಾರೆ. ಸಂಜೆ ಅದೇ ಬೀದಿಯಲ್ಲಿ ನಡೆದು ಮನೆಗೆ ಹೋಗುವವಳು ಕಾರ್ಯಕರ್ತೆ. ಅವಳ ಹೆಸರು ದೂರಿನಲ್ಲಿ ಇರಬೇಕಾ? ಇರಬೇಕಾಗಿಲ್ಲ. ಸಂಸ್ಥೆಯ ಹೆಸರಿನಲ್ಲಿ, ಹೊರಗಿನ ಹಿರಿಯರೊಬ್ಬರ ಕೈಯಿಂದ ಹೋಗಲಿ. ಇದನ್ನು ನಿಮ್ಮ ಸಂಯೋಜಕರ ಹತ್ತಿರ ಗಟ್ಟಿಯಾಗಿ ಕೇಳಿ ತಂಗಿ. ಕೇಳುವುದು ಹೇಡಿತನ ಅಲ್ಲ.

ತಂಗಾಳಿ
ಎಲ್ಲವನ್ನೂ ಎರಡೆರಡು ಸಲ ಓದಿದೆ. ಹೌದು ಅಣ್ಣ, ಅದೇ ಬಡಾವಣೆಯಲ್ಲಿ ಇದ್ದೇನೆ.

ಇವತ್ತು ಅವಳನ್ನು ಒಬ್ಬಳೇ ಕೂರಿಸಿಕೊಂಡು ಮಾತಾಡಿದೆ. ಕೊಟ್ಟ ಮಾತು ಉಳಿಸಿಕೊಳ್ಳಲು ಆಗಲ್ಲ ಅಂತ ಮೊದಲೇ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮೂರು ಪ್ರಶ್ನೆ ಕೇಳಿದಳು. ಅಪ್ಪ ಜೈಲಿಗೆ ಹೋಗ್ತಾರಾ? ನನ್ನನ್ನು ಬಾಲಮಂದಿರಕ್ಕೆ ಹಾಕ್ತಾರಾ? ತಂಗಿಯರ ಶಾಲೆ ಬಿಡಿಸ್ತಾರಾ?

ಮೂರಕ್ಕೂ ‘ಇಲ್ಲ’ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಗೊತ್ತಿರುವಷ್ಟು ಹೇಳಿದೆ. ಮದುವೆ ಆಗುವ ಮುಂಚೆಯೇ ನಿಂತರೆ ಅಪ್ಪನಿಗೆ ಜೈಲು ಆಗದಿರುವ ಸಾಧ್ಯತೆ ಜಾಸ್ತಿ ಅಂದೆ. ಅವಳ ಅತ್ತೆ, ಅಂದರೆ ಅಪ್ಪನ ತಂಗಿ, ತನ್ನ ಪರ ಇದ್ದಾರೆ ಅಂದಳು. ‘ಅತ್ತೆಗೆ ಮೊದಲು ಹೇಳಿ’ ಅಂದಳು.

ಹಳೆಸೈಕಲ್
ಆ ಅತ್ತೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆದರೆ ಅವರಿಗೆ ಹೇಳುವ ದಿನವೇ ಅಧಿಕಾರಿಗೂ ಮಾಹಿತಿ ಹೋಗಿರಲಿ. ನಡುವೆ ಒಂದು ರಾತ್ರಿಯೂ ಬಿಡಬೇಡಿ.

ಕಾನೂನುಕಣ್ಣು
ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ದಿನಾಂಕದ ಪ್ರತಿ ಈಗಲೇ ತೆಗೆಸಿ ಇಟ್ಟುಕೊಳ್ಳಿ. ಕೊನೆ ಗಳಿಗೆಯಲ್ಲಿ ‘ಇವಳಿಗೆ 18 ತುಂಬಿದೆ’ ಅಂತ ಬೇರೆ ಕಾಗದ ಹುಟ್ಟಿಕೊಳ್ಳುತ್ತದೆ.

ನೀಲಿಶಾಯಿ
ಅಪ್ಪನ ಸೊಂಟಕ್ಕೆ ಚಿಕಿತ್ಸೆ, ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಇದ್ದರೆ ಅಪಘಾತದ ಪರಿಹಾರ. ಅದನ್ನೂ ಜೊತೆಗೇ ನೋಡಿ. ಮದುವೆ ನಿಲ್ಲಿಸಲು ಬಂದವರು ಬರಿಗೈಲಿ ಬರಬಾರದು.

ಹದಿನಾರು
ಫೋಟೋ ತೆಗೆಯಲು ಬಿಡಬೇಡಿ ಅಕ್ಕ. ಮುಖ ಮುಚ್ಚಿದ್ದರೂ ಬೀದಿಯವರಿಗೆ ಬಟ್ಟೆ ನೋಡಿದರೆ ಗೊತ್ತಾಗುತ್ತದೆ. ದಾನ ಕೊಡುವವರಿಗೆ ತೋರಿಸಲು ಅಂತ ನನ್ನ ಗೆಳತಿಯದೊಂದು ತೆಗೆದಿದ್ದರು. ‘ಮದುವೆ ನಿಂತ ಹುಡುಗಿ’ ಅಂತಲೇ ಅವಳಿಗೆ ಹೆಸರಾಯಿತು.

ತಂಗಾಳಿ
ಖಂಡಿತ ಬಿಡಲ್ಲ.

ತಂಗಾಳಿ
ಆರು ವಾರ ಆಯಿತು. ಕೇಳುತ್ತಿದ್ದವರಿಗಾಗಿ ಬರೆಯುತ್ತಿದ್ದೇನೆ.

ಮದುವೆ ನಿಂತಿದೆ. ಅತ್ತೆಗೆ ನಾನು ಹೇಳಿದೆ, ಅದೇ ಮಧ್ಯಾಹ್ನ ಸಂಸ್ಥೆಯ ಹೆಸರಿನಲ್ಲಿ ಮಾಹಿತಿ ಹೋಯಿತು. ಅಧಿಕಾರಿ ಸಮವಸ್ತ್ರದವರನ್ನು ಕರೆತರಲಿಲ್ಲ, ಒಬ್ಬರೇ ಬಂದರು. ಅತ್ತೆ ಅಣ್ಣನ ಎದುರು ಕೂತು ‘ನನ್ನನ್ನು 15ಕ್ಕೆ ಕಳಿಸಿದಿರಿ, ನಾನು ಏನಾದೆ ನೋಡು’ ಅಂದರು. ಅಪ್ಪ ಗೋಡೆ ನೋಡುತ್ತಾ ಅತ್ತರು. ಮುಚ್ಚಳಿಕೆ ಬರೆದುಕೊಟ್ಟರು. ನಿಷೇಧಾಜ್ಞೆಯೂ ಬಂತು. ಹುಡುಗಿ ಈಗ ಅತ್ತೆಯ ಮನೆಯಿಂದ ಶಾಲೆಗೆ ಹೋಗುತ್ತಿದ್ದಾಳೆ.

ಗಂಡಿನ ಕಡೆಯವರು ಮುಂಗಡ ಕೊಟ್ಟಿದ್ದ ಹಣ ವಾಪಸ್ ಕೇಳುತ್ತಿದ್ದಾರೆ. ಅಪ್ಪ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. 38ರಲ್ಲಿ 11 ಮಕ್ಕಳು ಪಾಠಕ್ಕೆ ಬರುವುದು ಬಿಟ್ಟರು. ಅದರಲ್ಲಿ ನಾಲ್ವರು ಮತ್ತೆ ಬಂದರು. ಉಳಿದ ಏಳು ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೇನೆ. ಎರಡು ಮನೆಯಲ್ಲಿ ಒಳಗೆ ಕರೆಯುತ್ತಾರೆ, ಐದು ಮನೆಯಲ್ಲಿ ಹೊಸ್ತಿಲಲ್ಲೇ ಮಾತು. ನಾನು ಮಾಡಿದ್ದು ಸರಿ ಅಂತ ಕೆಲವು ದಿನ ಅನ್ನಿಸುತ್ತದೆ. ಆ ಏಳು ಮಕ್ಕಳ ನೆನಪಾದ ದಿನ ಅನ್ನಿಸುವುದಿಲ್ಲ.

ಅವಳಿಗೆ 18 ತುಂಬಲು ಇನ್ನೂ ಎರಡು ವರ್ಷ ಏಳು ತಿಂಗಳು ಇದೆ. ನಮ್ಮ ಯೋಜನೆಗೆ ಹಣ ಇರುವುದು ಬರುವ ಮಾರ್ಚ್ ತನಕ.

ನೀಲಿಶಾಯಿ
ಮಾರ್ಚ್ ಆದ ಮೇಲೆ ಯಾರು ಹೋಗುತ್ತಾರೆ ಆ ಮನೆಗೆ?

ತಂಗಾಳಿ
ನಾನು ಅದೇ ಬಡಾವಣೆಯಲ್ಲಿ ಇರುತ್ತೇನಲ್ಲ ಅಕ್ಕ.

ಹಳೆಸೈಕಲ್
ನಿಷೇಧಾಜ್ಞೆಯ ಪ್ರತಿ ಅತ್ತೆಯ ಹತ್ತಿರವೂ ಒಂದು ಇದೆಯಾ ತಂಗಿ?

ತಂಗಾಳಿ
ಇಲ್ಲ ಸರ್. ನಾಳೆ ಬೆಳಿಗ್ಗೆ ಕೊಟ್ಟು ಬರುತ್ತೇನೆ.